ಜರ್ಮನಿಯಲ್ಲಿ ಫೀಸ್ ಇಲ್ಲ, ಸರಿ. ಕಂತು ಯಾವಾಗಿಂದ ಶುರು?

ಹೋದ ತಿಂಗಳು ತಿಪಟೂರಿನಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಮಗನ ಮೆಕ್ಯಾನಿಕಲ್ ಮುಗಿದಿದೆ, ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ತಿಂಗಳಿಂದ ಟ್ರೈನಿ, ಬರುವ ಸಂಬಳ ಪಿ.ಜಿ. ಬಾಡಿಗೆಗೂ ಪೆಟ್ರೋಲಿಗೂ ಸರಿಹೋಗುತ್ತದೆ. "ಅಲ್ಲಪ್ಪಾ, ಜರ್ಮನಿಯಲ್ಲಿ ಫೀಸೇ ಇಲ್ವಂತೆ, ನಿಜಾನಾ? ನೀನು ಅಲ್ಲೇ ಓದಿದೋನು, ಹೇಳು ನೋಡೋಣ" ಅಂದರು. ನಿಜ ಚಿಕ್ಕಪ್ಪ, ಅಂದೆ. "ಮತ್ತೆ ಬ್ಯಾಂಕಿನೋರ ಹತ್ರ ಹದಿನೈದು ಲಕ್ಷ ಸಾಲ ಕೇಳ್ಬೇಕು ಅಂತಾನಲ್ಲ ಇವನು, ಯಾಕೆ?" ಫೋನಿನಲ್ಲಿ ಏನೋ ಹೇಳಿದೆ. ಸರಿಯಾಗಿ ಹೇಳಲಿಲ್ಲ ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಶ್ನೆ ಈಗ ಚಿಕ್ಕಪ್ಪ ಒಬ್ಬರದ್ದಲ್ಲ. 2014-15ರ ಹೊತ್ತಿಗೆ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು ಹೆಚ್ಚುಕಡಿಮೆ 12,000. 2024-25ರ ಚಳಿಗಾಲದ ಸೆಮಿಸ್ಟರ್ ಹೊತ್ತಿಗೆ ಅದು 59,000ದ ಹತ್ತಿರ ಬಂತು. ಚೀನಾದವರನ್ನು ಹಿಂದೆ ಹಾಕಿ, ಅಲ್ಲಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ನಾವೇ ಈಗ ಮೊದಲು. ಬೇರೆ ಬಾಗಿಲುಗಳು ಒಂದೊಂದಾಗಿ ಅರ್ಧ ಮುಚ್ಚಿದ್ದೂ ಇದಕ್ಕೆ ಕಾರಣ. ಕೆನಡಾ 2024ರ ಜನವರಿಯಲ್ಲಿ ಸ್ಟಡಿ ಪರ್ಮಿಟ್‌ಗೆ ಮಿತಿ ಹಾಕಿತು. ಅದೇ ತಿಂಗಳು ಬ್ರಿಟನ್, ಸಂಶೋಧನೆ ಬಿಟ್ಟು ಬೇರೆ ಕೋರ್ಸಿನವರು ಹೆಂಡತಿ ಮಕ್ಕಳನ್ನು ಕರೆತರುವುದನ್ನು ನಿಲ್ಲಿಸಿತು. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾ ಶುಲ್ಕ ಒಂದೇ ವರ್ಷದಲ್ಲಿ 710 ಡಾಲರಿನಿಂದ 2,000 ಡಾಲರಿಗೆ ಹೋಯಿತು. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಅಂದಿತು. ಇಷ್ಟೆಲ್ಲ ಆದ ಮೇಲೆ "ಫೀಸ್ ಇಲ್ಲದ ದೇಶ" ಅಂತ ಯಾರಾದರೂ ಹೇಳಿದರೆ ಕಿವಿ ನೆಟ್ಟಗಾಗುತ್ತದೆ, ಅಲ್ವಾ.

ಫೀಸ್ ಇಲ್ಲ ಅನ್ನುವುದು ಸುಳ್ಳಲ್ಲ. ಅದರ ಹಿಂದೆ ಒಂದು ಕಥೆಯೂ ಇದೆ. 2005ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯದ ತೀರ್ಪು ಬಂದ ಮೇಲೆ ಕೆಲವು ರಾಜ್ಯಗಳು ಸೆಮಿಸ್ಟರ್‌ಗೆ 500 ಯೂರೋ ಶುಲ್ಕ ಹಾಕಿ ನೋಡಿದವು. ವಿದ್ಯಾರ್ಥಿಗಳು ಬೀದಿಗಿಳಿದರು, ಚುನಾವಣೆಗಳಲ್ಲಿ ಅದು ವಿಷಯವಾಯಿತು, ಒಂದೊಂದೇ ರಾಜ್ಯ ಶುಲ್ಕ ವಾಪಸ್ ತೆಗೆದುಕೊಂಡಿತು. ಕೊನೆಯದಾಗಿ ಲೋವರ್ ಸ್ಯಾಕ್ಸನಿ 2014ರಲ್ಲಿ ಕೈಬಿಟ್ಟಿತು. ಅಂದರೆ ಇದು ನಮಗಾಗಿ ಮಾಡಿದ ಉಪಕಾರ ಅಲ್ಲ, ಅವರ ಮಕ್ಕಳಿಗಾಗಿ ಅವರು ಉಳಿಸಿಕೊಂಡಿದ್ದು. ನಾವು ಅದೇ ಸಾಲಿನಲ್ಲಿ ನಿಂತಿದ್ದೇವೆ ಅಷ್ಟೇ. ಹಾಗಾಗಿ ಸಾಲಿನಿಂದ ನಮ್ಮನ್ನು ಬೇರೆ ನಿಲ್ಲಿಸುವುದೂ ಶುರುವಾಗಿದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯ, ಅಂದರೆ ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಇರುವ ಕಡೆ, 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿ.ವಿ. 2024-25ರಿಂದ ಹೊಸಬರಿಗೆ ಕೋರ್ಸ್ ನೋಡಿಕೊಂಡು ಸೆಮಿಸ್ಟರ್‌ಗೆ 2,000ದಿಂದ 6,000 ಯೂರೋ ಕೇಳುತ್ತದೆ. ಉಳಿದ ಹೆಚ್ಚಿನ ಸರ್ಕಾರಿ ವಿ.ವಿ.ಗಳಲ್ಲಿ ಸೆಮಿಸ್ಟರ್ ಕಾಣಿಕೆ ಅಂತ ನೂರರಿಂದ ನಾನೂರು ಯೂರೋ ಕಟ್ಟಿದರೆ ಆಯಿತು. ಅದರಲ್ಲೇ ಬಸ್ಸು, ಟ್ರಾಮ್ ಪಾಸ್ ಕೂಡ ಬರುವುದುಂಟು.

ಹಾಗಾದರೆ ಹದಿನೈದು ಲಕ್ಷ ಎಲ್ಲಿಗೆ ಹೋಗುತ್ತದೆ?

ಬ್ಲಾಕ್ಡ್ ಅಕೌಂಟ್‌ಗೆ. ವೀಸಾ ಬೇಕು ಅಂದರೆ ಒಂದು ವರ್ಷದ ಊಟ, ಬಾಡಿಗೆಗೆ ದುಡ್ಡಿದೆ ಅಂತ ತೋರಿಸಬೇಕು. ಸುಮ್ನೆ ಪಾಸ್‌ಬುಕ್ ತೋರಿಸಿದರೆ ಸಾಲದು. ಅಷ್ಟೂ ಹಣವನ್ನು ಮೊದಲೇ ಒಂದು ಖಾತೆಯಲ್ಲಿ ಇಟ್ಟು ಬೀಗ ಹಾಕಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಈ 992 ಎಲ್ಲಿಂದ ಬಂತು ಅಂತ ನನಗೂ ಮೊದಲು ಗೊತ್ತಿರಲಿಲ್ಲ. ಜರ್ಮನಿಯ ಬಡ ಮನೆಗಳ ಮಕ್ಕಳಿಗೆ ಸರ್ಕಾರ ಕೊಡುವ ವಿದ್ಯಾರ್ಥಿ ನೆರವಿನ ಗರಿಷ್ಠ ಮೊತ್ತ ಅದು. ಅವರ ಮಗುವಿಗೆ ಬದುಕಲು ಎಷ್ಟು ಬೇಕು ಅಂತ ಲೆಕ್ಕ ಹಾಕಿದ್ದಾರೋ ಅಷ್ಟನ್ನೇ ನಿಮ್ಮಪ್ಪ ಕೊಡಲಿ ಅನ್ನುತ್ತಾರೆ. ತರ್ಕ ಸರಿಯಾಗೇ ಇದೆ. ಆದರೆ ಅವರಿಗೆ ಅದು ತಿಂಗಳ ಖರ್ಚು, ನಮಗೆ ಯೂರೋ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ಒಂದೇ ಏಟಿಗೆ ಹನ್ನೆರಡು ಲಕ್ಷ. ನಾನು 2021ರಲ್ಲಿ ಹೋದಾಗ ಮೊತ್ತ 10,332 ಯೂರೋ ಇತ್ತು, ಯೂರೋಗೆ 87 ರೂಪಾಯಿಯ ಆಸುಪಾಸು. ಒಂಬತ್ತು ಲಕ್ಷದಲ್ಲಿ ಮುಗಿದಿತ್ತು. ಅಂದರೆ ಐದು ವರ್ಷದೊಳಗೆ ಏರಿದ್ದು ಮೂರು ಲಕ್ಷ. ಅದರಲ್ಲಿ ಅರ್ಧ ಜರ್ಮನಿ ಏರಿಸಿದ್ದು, ಅರ್ಧ ರೂಪಾಯಿ ಬಿದ್ದಿದ್ದು.

ಇದಕ್ಕೆ ಮುಂಚಿನ ಸಣ್ಣಪುಟ್ಟವೂ ಸೇರಿಸಿ. 2022ರ ನವೆಂಬರ್‌ನಿಂದ ಎಪಿಎಸ್ ಅನ್ನುವ ಪ್ರಮಾಣಪತ್ರ ಕಡ್ಡಾಯ. ನಮ್ಮ ಅಂಕಪಟ್ಟಿ ಅಸಲಿಯೋ ನಕಲಿಯೋ ಅಂತ ನೋಡಲು 18,000 ರೂಪಾಯಿ. ಅರ್ಜಿಗಳನ್ನು ಒಟ್ಟುಮಾಡಿ ವಿ.ವಿ.ಗಳಿಗೆ ಕಳಿಸುವ ಯೂನಿ-ಅಸಿಸ್ಟ್‌ಗೆ ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೂ 30. ಐಇಎಲ್‌ಟಿಎಸ್ ಬೇರೆ, ಟಿಕೆಟ್ ಬೇರೆ, ಮೊದಲ ತಿಂಗಳ ಬಾಡಿಗೆ ಮುಂಗಡ ಬೇರೆ. ಹದಿನೈದು ಲಕ್ಷ ಅಂತ ಹುಡುಗ ಹೇಳಿದ್ದು ಉತ್ಪ್ರೇಕ್ಷೆ ಏನಲ್ಲ.

ಅರ್ಜಿಯ ವಿಷಯ ಬಂದಾಗ ಒಂದು ತಮಾಷೆ ಹೇಳಲೇಬೇಕು. ನಮ್ಮ ಸಿಜಿಪಿಎಯನ್ನು ಅವರು ತಮ್ಮ ಅಂಕಕ್ಕೆ ಬದಲಾಯಿಸುತ್ತಾರೆ. ಅಲ್ಲಿ 1.0 ಅಂದರೆ ಎಲ್ಲಕ್ಕಿಂತ ಮೇಲೆ, 4.0 ಅಂದರೆ ದಡ ಸೇರಿದ ಹಾಗೆ, 5.0 ಅಂದರೆ ಫೇಲು. ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠಕ್ಕೂ ಪಾಸಾಗಲು ಬೇಕಾದ ಕನಿಷ್ಠಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಸೇರಿಸಿದರೆ ಆಯಿತು. ಈಗ ನೋಡಿ, ಹತ್ತಕ್ಕೆ 7.5 ತೆಗೆದ ಹುಡುಗನ ಕಾಲೇಜಿನಲ್ಲಿ ಕನಿಷ್ಠ 4 ಅಂತಿದ್ದರೆ ಅವನಿಗೆ 2.25 ಬರುತ್ತದೆ. ಕನಿಷ್ಠ 5 ಅಂತಿದ್ದರೆ ಅದೇ ಹುಡುಗನಿಗೆ 2.5. ಪಾಸಾಗುವುದು ಎಲ್ಲಿ ಸುಲಭವೋ ಅಲ್ಲಿ ಓದಿದವನು ಜಾಣನಾಗಿ ಕಾಣುತ್ತಾನೆ! ಎಷ್ಟೋ ಕೋರ್ಸುಗಳು 2.5ಕ್ಕೆ ಗೆರೆ ಎಳೆದಿರುತ್ತವೆ. ಹಾಗಾಗಿ ಕನಿಷ್ಠ ಪಾಸ್ ಅಂಕ ಎಷ್ಟು ಅನ್ನುವ ಒಂದು ಸಾಲಿನ ಪತ್ರಕ್ಕಾಗಿ ಕಾಲೇಜಿನ ಆಫೀಸಿನ ಮುಂದೆ ಮೂರು ದಿನ ಕಾಯುವವರನ್ನು ನೋಡಿ ನಗಬೇಡಿ. ಅವರು ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ.

ಇಲ್ಲಿಯವರೆಗೂ ಬರೀ ದುಡ್ಡಿನ ಮಾತಾಯಿತು. ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ. ಜರ್ಮನಿಯಲ್ಲಿ ದುಡ್ಡಿಗಿಂತ ಬೇಗ ಖರ್ಚಾಗುವುದು ಸೆಮಿಸ್ಟರ್‌ಗಳು. ಕಾಗದದ ಮೇಲೆ ಮಾಸ್ಟರ್ಸ್ ಅಂದರೆ ನಾಲ್ಕು ಸೆಮಿಸ್ಟರ್, ಎರಡು ವರ್ಷ. ನನ್ನ ಜೊತೆ ಪೂರ್ವ ಜರ್ಮನಿಯ ಚೆಮ್ನಿಟ್ಜ್‌ನಲ್ಲಿ ಶುರು ಮಾಡಿದ ಭಾರತೀಯರಲ್ಲಿ ಎರಡು ವರ್ಷಕ್ಕೆ ಮುಗಿಸಿದವರನ್ನು ಬೆರಳಲ್ಲಿ ಎಣಿಸಬಹುದು. ನನಗೇ ಮೂರು ವರ್ಷ ಹಿಡಿಯಿತು. ನಾನೇನು ಸಿನಿಮಾ ನೋಡಿಕೊಂಡು ಕೂತಿರಲಿಲ್ಲ, ಪದ್ಧತಿಯೇ ಹಾಗೆ ಎಳೆದುಕೊಂಡು ಹೋಗುತ್ತದೆ.

ಮೊದಲನೆಯದು ಪರೀಕ್ಷೆ. ನಮ್ಮಲ್ಲಿ ಇಂಟರ್ನಲ್ಸ್ ಇದೆ, ಅಸೈನ್‌ಮೆಂಟ್ ಇದೆ, ಅಟೆಂಡೆನ್ಸ್ ಕಮ್ಮಿಯಾದರೆ ಎಚ್ಒಡಿ ಅಪ್ಪನಿಗೆ ಫೋನ್ ಮಾಡುತ್ತಾರೆ, ಪರೀಕ್ಷೆಗೆ ವಾರ ಇರುವಾಗ ಸೀನಿಯರ್ ಕೊಟ್ಟ ಪಾಸಿಂಗ್ ಪ್ಯಾಕೇಜ್ ಓದಿದರೆ ಹೇಗೋ ದಾಟಬಹುದು. ಅಲ್ಲಿ ಹೆಚ್ಚಿನ ವಿಷಯಗಳಿಗೆ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆ, ಅದೇ ನೂರಕ್ಕೆ ನೂರು. ಕ್ಲಾಸಿಗೆ ಹೋಗಿ, ಬಿಡಿ, ಯಾರೂ ಕೇಳುವುದಿಲ್ಲ. ಪರೀಕ್ಷೆಗೆ ಹೆಸರು ಹಚ್ಚುವುದೂ ನೀವೇ, ತೆಗೆಯುವುದೂ ನೀವೇ. ಈ ಸ್ವಾತಂತ್ರ್ಯ ನಮ್ಮ ಹುಡುಗರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಸ್ವರ್ಗದ ಹಾಗೆ ಕಾಣುತ್ತದೆ. ಎರಡನೇ ಸೆಮಿಸ್ಟರ್‌ನಲ್ಲಿ ಬಿಲ್ಲು ಬರುತ್ತದೆ. ಹೆಚ್ಚಿನ ವಿ.ವಿ.ಗಳಲ್ಲಿ ಒಂದು ವಿಷಯಕ್ಕೆ ಮೂರು ಸಲ ಮಾತ್ರ ಅವಕಾಶ. ಮೂರನೇ ಸಲವೂ ಫೇಲಾದರೆ ಆ ಕೋರ್ಸಿನಿಂದ ಹೆಸರು ತೆಗೆಯುತ್ತಾರೆ, ಜರ್ಮನಿಯ ಬೇರೆ ವಿ.ವಿ.ಯಲ್ಲೂ ಅದೇ ಕೋರ್ಸಿಗೆ ಸೇರಲು ಬಿಡುವುದಿಲ್ಲ. ಬ್ಯಾಕ್‌ಲಾಗ್ ಇಟ್ಟುಕೊಂಡು ಕೊನೆ ವರ್ಷ ಎಲ್ಲಾ ಒಟ್ಟಿಗೆ ಕ್ಲಿಯರ್ ಮಾಡುವ ನಮ್ಮ ಹಳೆಯ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಎಲ್ಲರೂ ಏನು ಮಾಡುತ್ತಾರೆ ಅಂದರೆ, ತಯಾರಿ ಸಾಲದು ಅನ್ನಿಸಿದ ಪರೀಕ್ಷೆಯನ್ನು ಮುಂದಿನ ಸೆಮಿಸ್ಟರ್‌ಗೆ ತಳ್ಳುತ್ತಾರೆ. ತಳ್ಳುವುದಕ್ಕೆ ಫೀಸಿಲ್ಲ. ಒಂದು ಪರೀಕ್ಷೆ ತಳ್ಳಿದರೆ ಆರು ತಿಂಗಳು ಹೋಯಿತು.

ಒಳ್ಳೆಯದನ್ನೂ ಹೇಳಬೇಕು. ಫಲಿತಾಂಶ ಬಂದ ಮೇಲೆ ನಿಮ್ಮ ಉತ್ತರಪತ್ರಿಕೆಯನ್ನು ಕೂತು ನೋಡಬಹುದು, ಎಲ್ಲಿ ಅಂಕ ಹೋಯಿತು ಅಂತ ಕೇಳಬಹುದು. ನಾನು ಮೊದಲ ಸಲ ಹೋದಾಗ, ಇಲ್ಲಿ ರೀವ್ಯಾಲ್ಯುಯೇಷನ್‌ಗೆ ದುಡ್ಡು ಕಟ್ಟಿ ಅಭ್ಯಾಸವಾಗಿದ್ದವನು, ಎಷ್ಟು ಕಟ್ಟಬೇಕು ಅಂತ ಕೇಳಿದ್ದೆ. ಆ ಅಸಿಸ್ಟೆಂಟ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಎರಡನೆಯದು ಕೆಲಸ. ಮನೆಯಲ್ಲಿ ಎಲ್ಲರೂ ಹಾಕಿರುವ ಲೆಕ್ಕ ಒಂದೇ. ಮೊದಲ ವರ್ಷ ಬ್ಲಾಕ್ಡ್ ಅಕೌಂಟ್, ಎರಡನೇ ವರ್ಷ ಪಾರ್ಟ್ ಟೈಮ್. ಕಾಗದದ ಮೇಲೆ ಅದು ಕೂಡಿಬರುತ್ತದೆ. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಅದಕ್ಕೆ ಮೊದಲು 120 ಇತ್ತು. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. 140 ದಿನ, ದಿನಕ್ಕೆ ಎಂಟು ಗಂಟೆ, ಗುಣಿಸಿ ನೋಡಿ, 15,568 ಯೂರೋ. ಬ್ಲಾಕ್ಡ್ ಅಕೌಂಟ್‌ಗಿಂತ ಜಾಸ್ತಿ! ಆದರೆ 140 ದಿನ ಅಂದರೆ ವಾರಕ್ಕೆ ಐದು ದಿನದ ಲೆಕ್ಕದಲ್ಲಿ 28 ವಾರ. ಅರ್ಧ ವರ್ಷಕ್ಕಿಂತ ಜಾಸ್ತಿ. ಅಷ್ಟು ದಿನ ಗೋದಾಮಿನಲ್ಲಿ ಡಬ್ಬ ಎತ್ತಿದವನು ಫೈನೈಟ್ ಎಲಿಮೆಂಟ್ ಪರೀಕ್ಷೆಗೆ ಯಾವಾಗ ಓದಬೇಕು? ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಕೋರ್ಸ್ ಉದ್ದವಾಗುತ್ತದೆ. ಉದ್ದವಾದ ಕೋರ್ಸಿಗೆ ಇನ್ನೊಂದಷ್ಟು ದುಡ್ಡು ಬೇಕು, ಅದಕ್ಕೆ ಇನ್ನೊಂದಷ್ಟು ಶಿಫ್ಟ್. ಈ ಗಾಣ ಒಮ್ಮೆ ತಿರುಗಲು ಶುರುವಾದರೆ ಇಳಿಯುವುದು ಕಷ್ಟ.

ಇನ್ನು ಎಲ್ಲರೂ ಬಯಸುವ ಕೆಲಸ ವೆರ್ಕ್‌ಸ್ಟೂಡೆಂಟ್. ಕಂಪನಿಯಲ್ಲಿ ನಿಮ್ಮ ಓದಿಗೆ ಸಂಬಂಧಪಟ್ಟ ಕೆಲಸ, ಸೆಮಿಸ್ಟರ್ ನಡೆಯುವಾಗ ವಾರಕ್ಕೆ ಇಪ್ಪತ್ತು ಗಂಟೆ, ಗೋದಾಮಿಗಿಂತ ಒಳ್ಳೆಯ ದುಡ್ಡು, ಮುಂದೆ ಅಲ್ಲೇ ಥೀಸಿಸ್, ಅದೃಷ್ಟವಿದ್ದರೆ ಅಲ್ಲೇ ನೌಕರಿ. ಇದನ್ನು ಹುಡುಕುವುದಕ್ಕೇ ಒಂದು ಸೆಮಿಸ್ಟರ್ ಹೋಗುತ್ತದೆ. ಜೊತೆಗೆ ಒಂದು ಒಳಗುಟ್ಟು ಇದೆ. ಕಂಪನಿಗಳಿಗೆ ಬೇಕಾಗಿರುವುದು ವಿ.ವಿ.ಯಲ್ಲಿ ಹೆಸರಿರುವ ವಿದ್ಯಾರ್ಥಿ. ಡಿಗ್ರಿ ಮುಗಿದ ದಿನ ಆ ಕೆಲಸಕ್ಕೆ ನೀವು ಅನರ್ಹ. ಹಾಗಾಗಿ ಎಲ್ಲ ಮುಗಿದಿದ್ದರೂ ಒಂದು ಪರೀಕ್ಷೆಯನ್ನು ಬೇಕೆಂದೇ ಉಳಿಸಿಕೊಂಡು ಇನ್ನೂ ಆರು ತಿಂಗಳು ವಿದ್ಯಾರ್ಥಿಯಾಗೇ ಇರುವವರೂ ಇದ್ದಾರೆ. ಊರಲ್ಲಿ ಇದನ್ನು ವಿವರಿಸಿ ನೋಡಿ. "ಪಾಸಾಗಬಹುದು, ಆದರೆ ಆಗ್ತಿಲ್ಲ" ಅಂದರೆ ಯಾವ ಅಪ್ಪ ನಂಬುತ್ತಾನೆ?

ಮೂರನೆಯದು ಭಾಷೆ. ಕೋರ್ಸ್ ಇಂಗ್ಲಿಷ್‌ನಲ್ಲಿದೆ, ಹಾಗಾಗಿ ಜರ್ಮನ್ ಬೇಡ ಅಂತ ಸಲಹೆ ಕೊಡುವವರು ಹೇಳುತ್ತಾರೆ. ಕ್ಲಾಸ್ ರೂಮಿನೊಳಗೆ ಅದು ಸರಿ. ಬಾಗಿಲು ದಾಟಿದರೆ ಎಲ್ಲವೂ ಜರ್ಮನ್. ಮನೆ ಕರಾರು ಜರ್ಮನ್, ವಿಮೆಯ ಪತ್ರ ಜರ್ಮನ್, ವಿದೇಶಿಯರ ಕಚೇರಿಯ ನೋಟೀಸು ಜರ್ಮನ್. ನನಗೆ ಬಂದ ಮೊದಲ ಕಾಗದಗಳಲ್ಲಿ ಒಂದು ಟಿ.ವಿ., ರೇಡಿಯೋ ಶುಲ್ಕದ್ದು, ತಿಂಗಳಿಗೆ 18.36 ಯೂರೋ. ಮನೆಯಲ್ಲಿ ಟಿ.ವಿ. ಇಲ್ಲವಲ್ಲ, ನನಗಲ್ಲ ಇದು ಅಂತ ಪಕ್ಕಕ್ಕಿಟ್ಟೆ. ಟಿ.ವಿ. ಇರಲಿ ಬಿಡಲಿ, ಮನೆ ಅಂತ ಒಂದಿದ್ದರೆ ಕಟ್ಟಬೇಕು ಅಂತ ದಂಡದ ಕಾಗದ ಬಂದ ಮೇಲೆ ಗೊತ್ತಾಯಿತು. ತಪ್ಪು ನನ್ನದೇ.

ಇಲ್ಲಿ ಒಂದು ಮುಜುಗರದ ಮಾತು ಹೇಳಿಬಿಡುತ್ತೇನೆ. ಬೆಂಗಳೂರಲ್ಲಿ ಹತ್ತು ವರ್ಷ ಇದ್ದೂ ಕನ್ನಡ ಬರದವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಚೆಮ್ನಿಟ್ಜ್‌ಗೆ ಹೋಗಿ ಎರಡು ವರ್ಷ ಆದರೂ ಬ್ರೆಡ್ ಅಂಗಡಿಯ ಅಜ್ಜಿ ಏನಾದರೂ ಕೇಳಿದರೆ ತಲೆ ಆಡಿಸಿ, ಬೆರಳು ತೋರಿಸಿ, ಚಿಲ್ಲರೆ ಎಣಿಸದೆ ಬರುತ್ತಿದ್ದೆ. ಸುತ್ತ ಇದ್ದವರು ತೆಲುಗಿನವರು, ಮರಾಠಿಯವರು, ತಮಿಳಿನವರು, ಮಾತೆಲ್ಲ ಇಂಗ್ಲಿಷ್ ಅಥವಾ ಹಿಂದಿ. ಆ ವಿಷಯದಲ್ಲಿ ನಾನೇ ಅಲ್ಲಿನ "ಕನ್ನಡ್ ಗೊತ್ತಿಲ್ಲ" ಆಗಿದ್ದೆ. ಕಿಟ್ಟೆಲ್ ಅದೇ ದೇಶದಿಂದ ಬಂದು ನಮ್ಮ ಧಾರವಾಡ, ಮಂಗಳೂರು ಸುತ್ತಿ 1894ರಲ್ಲಿ ನಮಗೇ ನಿಘಂಟು ಮಾಡಿಕೊಟ್ಟರು. ನನಗೆ ಜರ್ಮನ್ ಪರೀಕ್ಷೆಯಲ್ಲಿ ಬಿ1, ಅಂದರೆ ಎ1, ಎ2 ಆದ ಮೇಲಿನ ಮೂರನೇ ಮೆಟ್ಟಿಲು, ಪಾಸಾಗಲು ಎರಡು ಸಲ ಬೇಕಾಯಿತು.

ಭಾಷೆಯ ನಿಜವಾದ ಬೆಲೆ ಗೊತ್ತಾಗುವುದು ಕೆಲಸ ಹುಡುಕುವಾಗ. ಐ.ಟಿ.ಯಲ್ಲಿ ಇಂಗ್ಲಿಷ್ ಸಾಕು ಅನ್ನುವ ಕಂಪನಿಗಳು ಬರ್ಲಿನ್, ಮ್ಯೂನಿಕ್‌ನಲ್ಲಿ ಸಿಗುತ್ತವೆ. ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್‌ನವರಿಗೆ ಬಿ2 ಇಲ್ಲದೆ ಕಷ್ಟ. ಜರ್ಮನಿಯ ಯಂತ್ರೋದ್ಯಮ ನಿಂತಿರುವುದು ನಾವು ಹೆಸರೇ ಕೇಳಿರದ, ಸಣ್ಣ ಊರುಗಳ ಮಧ್ಯಮ ಗಾತ್ರದ ಕಂಪನಿಗಳ ಮೇಲೆ. ಅಲ್ಲಿನ ಫೋರ್‌ಮನ್‌ಗೆ ನಿಮ್ಮ ಜೊತೆ ಇಂಗ್ಲಿಷ್ ಮಾತಾಡುವ ಅಗತ್ಯವಿಲ್ಲ. ಬೆಂಗಳೂರಿನಿಂದ ಎ1 ಮುಗಿಸಿ ಬಂದವನು ಓದು, ಶಿಫ್ಟ್ ಮಧ್ಯೆ ಬಿ2 ತಲುಪಲು ಎರಡು ವರ್ಷ ಸಲೀಸಾಗಿ ಬೇಕು. ಎರಡು ವರ್ಷದ ಕೋರ್ಸು, ಎರಡು ವರ್ಷದ ಭಾಷೆ, ನಡುವೆ ದುಡಿಮೆ. ಮೂರನ್ನೂ ಒಂದೇ ಇಪ್ಪತ್ನಾಲ್ಕು ತಿಂಗಳಲ್ಲಿ ತುರುಕಬೇಕು.

ಈಗ ಚಿಕ್ಕಪ್ಪನ ಸಾಲಕ್ಕೆ ವಾಪಸ್ ಬರೋಣ. ಶಿಕ್ಷಣ ಸಾಲದಲ್ಲಿ ಕೋರ್ಸ್ ನಡೆಯುವಷ್ಟು ದಿನ ಮತ್ತು ಆಮೇಲೆ ಸಾಮಾನ್ಯವಾಗಿ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಬ್ಯಾಂಕು ಕೋರ್ಸಿನ ಅವಧಿಯನ್ನು ಅಡ್ಮಿಷನ್ ಲೆಟರ್ ನೋಡಿ ಬರೆದುಕೊಳ್ಳುತ್ತದೆ. ಅದರಲ್ಲಿ ನಾಲ್ಕು ಸೆಮಿಸ್ಟರ್ ಅಂತಿರುತ್ತದೆ. ಎರಡು ವರ್ಷ, ಪ್ಲಸ್ ಒಂದು. ಮೂವತ್ತೇಳನೇ ತಿಂಗಳಿಂದ ಕಂತು ಶುರು. ಹದಿನೈದು ಲಕ್ಷಕ್ಕೆ ಶೇ. 10.5 ಬಡ್ಡಿ ಅಂದುಕೊಳ್ಳಿ. ಒಟ್ಟು ಹಣ ಮೊದಲೇ ತೆಗೆದುಕೊಂಡು ಓದುವಾಗ ಬಡ್ಡಿ ಕಟ್ಟದೆ ಬಿಟ್ಟರೆ ಸರಳ ಬಡ್ಡಿಯಲ್ಲೇ ಮೂರು ವರ್ಷಕ್ಕೆ 4.7 ಲಕ್ಷ ಸೇರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 26,600 ರೂಪಾಯಿ. ಜರ್ಮನಿಯಲ್ಲಿ ಕೆಲಸ ಸಿಕ್ಕವನಿಗೆ 266 ಯೂರೋ ಏನೂ ಅಲ್ಲ. ಥೀಸಿಸ್ ಬರೆಯುತ್ತಿರುವವನಿಗೆ ಅದು ಒಂದು ತಿಂಗಳ ಬಾಡಿಗೆ.

ನನ್ನ ವಿಷಯದಲ್ಲಿ ಹೀಗಾಯಿತು. 2021ರ ಅಕ್ಟೋಬರ್‌ನಲ್ಲಿ ಶುರು ಮಾಡಿದೆ. 2024ರ ಆಗಸ್ಟ್‌ನಲ್ಲಿ ಥೀಸಿಸ್ ಕೊಟ್ಟೆ. ಅಕ್ಟೋಬರ್‌ನಲ್ಲಿ ಮೊದಲ ಕಂತು ಬಿತ್ತು. ಕೆಲಸ ಸಿಕ್ಕಿದ್ದು 2025ರ ಮೇನಲ್ಲಿ, ನ್ಯೂರೆಂಬರ್ಗ್ ಹತ್ತಿರದ ಒಂದು ಸಣ್ಣ ಕಂಪನಿಯಲ್ಲಿ. ನಡುವಿನ ಎಂಟು ಕಂತು ಅಪ್ಪ ತಮ್ಮ ಪೆನ್ಷನ್‌ನಿಂದ ಕಟ್ಟಿದರು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಫೋನ್ ಮಾಡಿದಾಗ ಊಟ ಆಯ್ತಾ ಅಂತಷ್ಟೇ ಕೇಳುತ್ತಿದ್ದರು. ಈಗಲೂ ನೆನೆಸಿಕೊಂಡರೆ ಗಂಟಲು ಕಟ್ಟುತ್ತದೆ.

ನನಗೆ ಕೆಲಸ ತಡವಾಗಿದ್ದಕ್ಕೆ ನನ್ನ ಜರ್ಮನ್ ಅರ್ಧ ಕಾರಣ. ಇನ್ನರ್ಧ ಕಾರಣ ಆ ವರ್ಷವೇ. ಕಾರಿನ ಬಿಡಿಭಾಗ ಮಾಡುವ ಝೆಡ್ಎಫ್ ಕಂಪನಿ 2028ರೊಳಗೆ ಜರ್ಮನಿಯಲ್ಲಿ 14,000 ಹುದ್ದೆಗಳವರೆಗೆ ಕಡಿಮೆ ಮಾಡುತ್ತೇವೆ ಅಂತ 2024ರಲ್ಲಿ ಹೇಳಿತು. ಅದೇ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ 2030ರೊಳಗೆ 35,000 ಹುದ್ದೆ ತೆಗೆಯಲು ಕಾರ್ಮಿಕ ಸಂಘದ ಜೊತೆ ಒಪ್ಪಂದ ಮಾಡಿಕೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಬಾಷ್ ಇನ್ನೂ 13,000 ಅಂದಿತು. ಇಷ್ಟು ಜನರನ್ನು ಕಳಿಸುತ್ತಿರುವ ಕಂಪನಿಗಳು ವಿದ್ಯಾರ್ಥಿಗಳಿಗೆ ಕೊಡುವ ಸಣ್ಣ ಕೆಲಸ, ಇಂಟರ್ನ್‌ಶಿಪ್, ಥೀಸಿಸ್ ಜಾಗಗಳನ್ನು ಮೊದಲು ಬಿಗಿ ಮಾಡುವುದು ಸಹಜ. ಇನ್ನೊಂದು ಕಡೆ ನೋಡಿ. ಆಡುಗೋಡಿಯಲ್ಲಿ ಬಾಷ್ ಇದೆ, ವೈಟ್‌ಫೀಲ್ಡ್‌ನಲ್ಲಿ ಮರ್ಸಿಡಿಸ್‌ನ ಆರ್ ಅಂಡ್ ಡಿ ಇದೆ, ಜರ್ಮನಿಯದೇ ಸಾಫ್ಟ್‌ವೇರ್ ಕಂಪನಿ ಎಸ್ಎಪಿ ಇದೆ. ಜರ್ಮನ್ ಕಾರಿನ ಸಾಫ್ಟ್‌ವೇರ್ ಕೆಲಸದ ದೊಡ್ಡ ಪಾಲು ಬೆಂಗಳೂರಲ್ಲಿ ಆಗುತ್ತಿದೆ. ಬೆಂಗಳೂರಿನ ಹುಡುಗರು ಸಾಲ ಮಾಡಿ ಸ್ಟುಟ್‌ಗಾರ್ಟ್‌ಗೆ ಹೋಗುತ್ತಿದ್ದಾರೆ. ವಿಮಾನ ನಿಲ್ದಾಣದಲ್ಲಿ ಆ ಕೆಲಸವೂ ಈ ಹುಡುಗರೂ ಎದುರುಬದುರು ಸಿಗುತ್ತಾರೇನೋ.

ಹಾಗಂತ ಜರ್ಮನಿಗೆ ಜನ ಬೇಡವಾಗಿದ್ದಾರೆ ಅಂದುಕೊಳ್ಳಬೇಡಿ. 2024ರ ಅಕ್ಟೋಬರ್‌ನಲ್ಲಿ ಆಗಿನ ಚಾನ್ಸಲರ್ ಶೋಲ್ಸ್ ದೆಹಲಿಗೆ ಬಂದು, ಕೌಶಲ ಇರುವ ಭಾರತೀಯರಿಗೆ ವರ್ಷಕ್ಕೆ ಕೊಡುವ ವೀಸಾ 20,000ದಿಂದ 90,000ಕ್ಕೆ ಏರಿಸುತ್ತೇವೆ ಅಂದರು. ಅಲ್ಲಿ ಓದಿದವರಿಗೆ ಕೆಲಸ ಹುಡುಕಲು 18 ತಿಂಗಳು ಸಮಯ ಕೊಡುತ್ತಾರೆ. ಕೆಲಸ ಸಿಕ್ಕಿ ಎರಡು ವರ್ಷ ಆದರೆ, ಭಾಷೆಯೂ ಇದ್ದರೆ, ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಕಾಯುತ್ತಾ ಕೂದಲು ನೆರೆತ ನಮ್ಮವರಿಗೆ ಇದನ್ನು ಹೇಳಿದರೆ ಹೊಟ್ಟೆಕಿಚ್ಚು ಪಡುತ್ತಾರೆ. ಕೊನೆ ಚೆನ್ನಾಗಿದೆ, ಆ ಕೊನೆಯವರೆಗೆ ತಲುಪುವ ಮೂರು ವರ್ಷವೇ ಕಷ್ಟ.

ಆ ಮೂರು ವರ್ಷದಲ್ಲಿ ವಾಸದ ಪರವಾನಗಿ ನವೀಕರಿಸಬೇಕು. ಆಗ ದುಡ್ಡಿದೆ ಅಂತ ಮತ್ತೆ ತೋರಿಸಬೇಕು. ಕೆಲಸದ ಕರಾರು ಇದ್ದರೆ ಸುಲಭ. ಇಲ್ಲದವರು ಪರಿಚಯದವರಿಂದ ಕೈಸಾಲ ಮಾಡುತ್ತಾರೆ. ಒಂದೇ ಗಂಟು ನಾಲ್ಕು ಜನರ ಖಾತೆ ಸುತ್ತಿ ಬಂದಿದ್ದನ್ನು ನಾನು ಕಂಡಿದ್ದೇನೆ. ನಮ್ಮೂರಿನ ಚೀಟಿ ವ್ಯವಹಾರದ ಹಾಗೆ, ಎಲ್ಲವೂ ನಂಬಿಕೆಯ ಮೇಲೆ. ಮೂವತ್ತು ವಯಸ್ಸು ತುಂಬಿದರೆ ವಿದ್ಯಾರ್ಥಿಗಳ ಕಡಿಮೆ ದರದ ಆರೋಗ್ಯ ವಿಮೆಯೂ ನಿಲ್ಲುತ್ತದೆ. ನಾಲ್ಕೈದು ವರ್ಷ ಕೆಲಸ ಮಾಡಿ ಆಮೇಲೆ ಓದಲು ಹೋದವರಿಗೆ ಇದು ನಡುವೆ ಬಂದು ಹೊಡೆಯುತ್ತದೆ.

ಊರಿನ ಆಯ್ಕೆಯನ್ನೂ ಹೀಗೇ ನೋಡಬೇಕು. ಮ್ಯೂನಿಕ್‌ನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೆ ಸುಮಾರು 800 ಯೂರೋ. ಚೆಮ್ನಿಟ್ಜ್, ಮಾಗ್ಡೆಬರ್ಗ್ ಥರದ ಪೂರ್ವದ ಊರುಗಳಲ್ಲಿ 300ರ ಸುತ್ತ ಸಿಗುತ್ತದೆ. ಅಗ್ಗ ಅಂತ ಪೂರ್ವಕ್ಕೆ ಹೋದರೆ ಅಲ್ಲಿ ಕಂಪನಿಗಳು ಕಮ್ಮಿ, ಪಾರ್ಟ್ ಟೈಮ್ ಕಮ್ಮಿ. ರಾಜಕೀಯವೂ ಬೇರೆ. ವಲಸೆಯನ್ನು ವಿರೋಧಿಸುವ ಎಎಫ್‌ಡಿ ಪಕ್ಷ 2025ರ ಫೆಬ್ರವರಿ ಚುನಾವಣೆಯಲ್ಲಿ ಶೇ. 20.8 ಮತ ಪಡೆದು ದೇಶದಲ್ಲಿ ಎರಡನೆಯದಾಯಿತು, ಪೂರ್ವದ ರಾಜ್ಯಗಳಲ್ಲಿ ಮೊದಲನೆಯದು. 2018ರಲ್ಲಿ ವಲಸಿಗರ ವಿರುದ್ಧ ಗಲಭೆ ನಡೆದದ್ದು ಇದೇ ಚೆಮ್ನಿಟ್ಜ್‌ನಲ್ಲಿ. ನನಗೆ ಮೂರು ವರ್ಷದಲ್ಲಿ ಒಮ್ಮೆ ಟ್ರಾಮ್‌ನಲ್ಲಿ ಒಬ್ಬ ಕುಡುಕ ಬೈದಿದ್ದು ಬಿಟ್ಟರೆ ಏನೂ ಆಗಲಿಲ್ಲ. ಪಕ್ಕದ ಮನೆಯ ಮುದುಕ ಕಸ ಬೇರೆ ಮಾಡುವುದನ್ನು ಕಲಿಸಿದ, ತಪ್ಪು ಡಬ್ಬಕ್ಕೆ ಹಾಕಿದಾಗ ಬೈದ ಕೂಡ. ಆದರೆ ರಾತ್ರಿ ಶಿಫ್ಟ್ ಮುಗಿಸಿ ಒಬ್ಬಳೇ ನಡೆದು ಬರುತ್ತಿದ್ದ ನನ್ನ ಸಹಪಾಠಿಯನ್ನು ಕೇಳಿದರೆ ಬೇರೆ ಉತ್ತರ ಸಿಗಬಹುದು.

ಒಂಟಿತನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಾನು ತಲುಪಿದ್ದು ಶನಿವಾರ ರಾತ್ರಿ. ಭಾನುವಾರ ಅಂಗಡಿಗಳೆಲ್ಲ ಬಂದ್ ಅಂತ ಗೊತ್ತಿರಲಿಲ್ಲ. ಇಡೀ ದಿನ ಅಮ್ಮ ಕಟ್ಟಿಕೊಟ್ಟ ಕೋಡುಬಳೆ, ಚಕ್ಕುಲಿ ತಿಂದು ಕಳೆದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ನಮ್ಮೂರುಗಳಲ್ಲಿ "ಉಚಿತ ಸಲಹೆ" ಅಂತ ಬೋರ್ಡು ಹಾಕಿಕೊಂಡ ಕನ್ಸಲ್ಟೆನ್ಸಿಗಳು ಜಾಸ್ತಿಯಾಗಿವೆ. ಸರ್ಕಾರಿ ವಿ.ವಿ.ಗಳು ಅವರಿಗೆ ಕಮಿಷನ್ ಕೊಡುವುದಿಲ್ಲ. ಖಾಸಗಿಯವು ಕೊಡುತ್ತವೆ. ಹಾಗಾದರೆ ಉಚಿತ ಸಲಹೆ ಯಾವ ಕಡೆ ತಿರುಗುತ್ತದೆ ಅಂತ ನೀವೇ ಯೋಚಿಸಿ. ಫೀಸ್ ಇಲ್ಲದ ದೇಶಕ್ಕೆ ಅಂತ ಹೊರಟವರು ವರ್ಷಕ್ಕೆ ಎಂಟು ಹತ್ತು ಸಾವಿರ ಯೂರೋ ಫೀಸಿನ ಖಾಸಗಿ ಕೋರ್ಸಿಗೆ ಬಂದು ನಿಲ್ಲುತ್ತಾರೆ. 2025ರಲ್ಲಿ ಬರ್ಲಿನ್‌ನಲ್ಲಿ ಇಂಥ ಒಂದು ಕಡೆ ಓದುತ್ತಿದ್ದ ಭಾರತೀಯರಿಗೆ, ನಿಮ್ಮ ಕೋರ್ಸಿನಲ್ಲಿ ಆನ್‌ಲೈನ್ ಭಾಗ ಜಾಸ್ತಿ, ಅದಕ್ಕೆ ಇಲ್ಲೇ ಇರಬೇಕಾಗಿಲ್ಲ ಅಂತ ವಾಸದ ಪರವಾನಗಿ ನಿರಾಕರಿಸಿದರು. ಸಾಲದ ದುಡ್ಡು ಅಷ್ಟರಲ್ಲಿ ಖರ್ಚಾಗಿತ್ತು. ವೀಸಾ ತಿರಸ್ಕಾರವಾದರೆ ದೂತಾವಾಸಕ್ಕೇ ಮರುಪರಿಶೀಲನೆಗೆ ಬರೆಯುವ ದಾರಿಯನ್ನೂ 2025ರ ಜುಲೈನಿಂದ ತೆಗೆದಿದ್ದಾರೆ. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲ ಜರ್ಮನಿಯ ಕೋರ್ಟಿಗೆ ಹೋಗಬೇಕು.

ನಿನ್ನೆ ಚಿಕ್ಕಪ್ಪ ಮತ್ತೆ ಫೋನ್ ಮಾಡಿದ್ದರು. ತೆಂಗಿನ ತೋಟ ಅಡ ಇಡುತ್ತೇನೆ ಅಂದರೆ ಬ್ಯಾಂಕಿನವರು ಕೃಷಿ ಜಮೀನು ಬೇಡ ಅಂದರಂತೆ, ಟೌನಿನ ಸೈಟಿನ ಕಾಗದ ಕೇಳಿದ್ದಾರೆ. ಹುಡುಗ ಜರ್ಮನ್ ಕ್ಲಾಸಿಗೆ ಸೇರಿದ್ದಾನೆ, ಎ1 ಅರ್ಧ ಆಗಿದೆ. ನಾನು ಎರಡೇ ಮಾತು ಹೇಳಿದೆ. ಹೊರಡುವುದು ಆರು ತಿಂಗಳು ತಡವಾದರೂ ಪರವಾಗಿಲ್ಲ, ಬಿ1 ಮುಗಿಸಿಕೊಂಡೇ ಬರಲಿ. ಇನ್ನೊಂದು, ಸಾಲಕ್ಕೆ ಸಹಿ ಹಾಕುವ ಮುಂಚೆ ಮ್ಯಾನೇಜರ್ ಹತ್ತಿರ ಕೋರ್ಸ್ ಉದ್ದವಾದರೆ ಏನು ಮಾಡುತ್ತೀರಿ ಅಂತ ಕೇಳಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲೇ, ನಿಗದಿತ ಸಮಯಕ್ಕೆ ಕೋರ್ಸ್ ಮುಗಿಯದಿದ್ದರೆ ಎರಡು ವರ್ಷದವರೆಗೆ ಅವಧಿ ವಿಸ್ತರಿಸಬಹುದು ಅಂತಿದೆ. ಕೇಳಿದವರಿಗೆ ಸಿಗಬಹುದು. ನಮ್ಮಪ್ಪನಿಗೆ ಅದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

"ಹಂಗಾದ್ರೆ ಎಷ್ಟು ವರ್ಷ ಅಂತ ಹೇಳ್ಲಿ ಮ್ಯಾನೇಜರ್‌ಗೆ?" ಅಂತ ಕೇಳಿದರು.

"ಲೆಟರ್‌ನಲ್ಲಿ ಎರಡು ಅಂತಲೇ ಇರುತ್ತೆ ಚಿಕ್ಕಪ್ಪ. ನೀವು ಮೂರಕ್ಕೆ ಮಾತಾಡ್ಕೊಂಡು ಬನ್ನಿ" ಅಂದೆ.